ತುರ್ಕಿಗಾಗಿ ಕೂಡಿಸಿದ ಆಣೆ-ಕಾಸು



2003ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಮತ್ತು ಬ್ರಿಟನ್ ಸೇನೆಗಳು ಇರಾಕಿನೊಳಗೆ ನುಗ್ಗಿದಾಗ ನಮ್ಮ ಮನೆಗಳಲ್ಲಿ ಟಿ.ವಿ. ಮುಂದೆ ಮೌನವಾಗಿ ಕುಳಿತವರ ಮುಖಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಸಾರಿದಾಗ ಅಲ್ಲಿ ವೈದ್ಯಕೀಯ ಓದಲು ಹೋಗಿದ್ದ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಖಾರ್ಕಿವ್ ನಗರದಲ್ಲಿ ಪ್ರಾಣ ಕಳೆದುಕೊಂಡದ್ದು ಕಿರಿಯರಿಗೂ ಗೊತ್ತಿದೆ. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಮಾತು ಕೇಳಿಬರುತ್ತದೆ: "ಅಷ್ಟು ದೂರದಲ್ಲಿ ನಡೆಯುತ್ತಿರುವುದಕ್ಕೆ ನಾವೇನು ಮಾಡಲು ಸಾಧ್ಯ?"

ಈ ಪ್ರಶ್ನೆ ಹೊಸದಲ್ಲ. ನೂರು ವರ್ಷಗಳಿಗೂ ಹಿಂದೆ, ರೇಡಿಯೋ ಕೂಡ ಇಲ್ಲದ ಕಾಲದಲ್ಲಿ, ನಮ್ಮ ದೇಶದ ಸಾಮಾನ್ಯ ಜನ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಅವರು ಕೊಟ್ಟ ಉತ್ತರ ಏನು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ. ನಮ್ಮ ಶಾಲಾ-ಕಾಲೇಜುಗಳ ಪಠ್ಯಪುಸ್ತಕಗಳಲ್ಲಿ ಖಿಲಾಫತ್ ಚಳವಳಿಯ ಬಗ್ಗೆ ಒಂದು ಪುಟ ಸಿಗುತ್ತದೆ. ಆದರೆ ಅದಕ್ಕೂ ಎಂಟು-ಹತ್ತು ವರ್ಷ ಮೊದಲಿನ ಈ ಕಥೆ ಅಲ್ಲಿ ಸಿಗುವುದಿಲ್ಲ.

ಟ್ರಿಪೋಲಿಯಿಂದ ಬಂದ ಸುದ್ದಿ

1911ರ ಸೆಪ್ಟೆಂಬರ್ 29ರಂದು ಇಟಲಿ ದೇಶವು ತುರ್ಕಿಯ ಉಸ್ಮಾನಿ ಸಾಮ್ರಾಜ್ಯದ ಮೇಲೆ ಯುದ್ಧ ಘೋಷಿಸಿತು. ಅದಕ್ಕೆ ಬೇಕಾಗಿದ್ದುದು ಟ್ರಿಪೋಲಿ, ಅಂದರೆ ಇಂದಿನ ಲಿಬಿಯಾ. ಇಂಗ್ಲೆಂಡ್ ಮತ್ತು ಫ್ರಾನ್ಸ್ ಆಫ್ರಿಕಾ ಖಂಡವನ್ನು ಹಂಚಿಕೊಂಡಿದ್ದವು, ತನಗೂ ಒಂದು ಪಾಲು ಬೇಕು ಎಂಬುದೇ ಇಟಲಿಯ ತರ್ಕ. ಅಕ್ಟೋಬರ್ ಮೊದಲ ವಾರದಲ್ಲಿ ಯುದ್ಧನೌಕೆಗಳು ಟ್ರಿಪೋಲಿ ನಗರದ ಮೇಲೆ ಗುಂಡಿನ ಮಳೆಗರೆದವು. ಅದೇ ತಿಂಗಳ ಕೊನೆಯಲ್ಲಿ ನಗರದ ಹೊರವಲಯದ ತೋಟಗಳಲ್ಲಿ ಅರಬ್ ನಿವಾಸಿಗಳ ಕಗ್ಗೊಲೆ ನಡೆಯಿತು. ಅದನ್ನು ಕಣ್ಣಾರೆ ಕಂಡ ಕೆಲವು ಯೂರೋಪಿಯನ್ ಪತ್ರಕರ್ತರೇ ಅಸಹ್ಯಪಟ್ಟು ಇಟಲಿ ಸೇನೆ ಕೊಟ್ಟಿದ್ದ ಪರವಾನಗಿ ಪತ್ರಗಳನ್ನು ಹಿಂದಿರುಗಿಸಿದರು. ನವೆಂಬರ್ 1ರಂದು ಗಾವೋಟ್ಟಿ ಎಂಬ ಇಟಲಿಯ ವಿಮಾನ ಚಾಲಕ ತನ್ನ ಸಣ್ಣ ವಿಮಾನದಿಂದ ಕೈಯಾರೆ ನಾಲ್ಕು ಬಾಂಬುಗಳನ್ನು ಎಸೆದ. ಮಾನವ ಇತಿಹಾಸದಲ್ಲಿ ವಿಮಾನದಿಂದ ನಡೆದ ಮೊದಲ ಬಾಂಬ್ ದಾಳಿ ಅದು. ಅದು ನಡೆದದ್ದು ಲಿಬಿಯಾದ ಮರಳುಗಾಡಿನಲ್ಲಿ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳೂ ಗಮನಿಸಬೇಕು.

ಭಾರತಕ್ಕೆ ಈ ಸುದ್ದಿ ಬಂದದ್ದು ಹೇಗೆ? ಸಮುದ್ರದಡಿಯ ತಂತಿಯ ಮೂಲಕ ರಾಯಿಟರ್ಸ್ ಸಂಸ್ಥೆಯ ಸುದ್ದಿ ಲಂಡನ್ನಿನಿಂದ ಮುಂಬಯಿ, ಕಲ್ಕತ್ತಗಳಿಗೆ ಬರುತ್ತಿತ್ತು. ಇಂಗ್ಲಿಷ್ ಪತ್ರಿಕೆಗಳು ಅದನ್ನು ಮೊದಲು ಅಚ್ಚು ಹಾಕುತ್ತಿದ್ದವು. ಅಲ್ಲಿಂದ ಉರ್ದು ಪತ್ರಿಕೆಗಳು ತರ್ಜುಮೆ ಮಾಡುತ್ತಿದ್ದವು. ಓದು ಬಲ್ಲವರು ಆಗ ಬಹಳ ಕಡಿಮೆ. ಒಬ್ಬ ಗಟ್ಟಿಯಾಗಿ ಓದುವುದು, ಹತ್ತು-ಹದಿನೈದು ಮಂದಿ ಸುತ್ತ ಕುಳಿತು ಕೇಳುವುದು ಅಂದಿನ ರೂಢಿ. ಪತ್ರಿಕೆಯ ಒಂದು ಪ್ರತಿಯನ್ನು ಇಡೀ ಮೊಹಲ್ಲಾ 'ಓದುತ್ತಿತ್ತು' ಎಂದರೆ ತಪ್ಪಾಗದು.

ಆ ಕಾಲದ ಮೂರು ಪತ್ರಿಕೆಗಳ ಹೆಸರನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಮೌಲಾನಾ ಮುಹಮ್ಮದ್ ಅಲಿ 1911ರ ಜನವರಿಯಲ್ಲಿ ಕಲ್ಕತ್ತದಲ್ಲಿ ಆರಂಭಿಸಿದ ಇಂಗ್ಲಿಷ್ ವಾರಪತ್ರಿಕೆ 'ಕಾಮ್ರೇಡ್', ಲಾಹೋರಿನಿಂದ ಝಫರ್ ಅಲಿ ಖಾನ್ ಹೊರಡಿಸುತ್ತಿದ್ದ 'ಝಮೀಂದಾರ್', ಮತ್ತು 1912ರ ಜುಲೈಯಲ್ಲಿ ಮೌಲಾನಾ ಅಬುಲ್ ಕಲಾಂ ಆಝಾದ್ ಕಲ್ಕತ್ತದಲ್ಲಿ ಆರಂಭಿಸಿದ 'ಅಲ್-ಹಿಲಾಲ್'. ಆಗ ಆಝಾದರಿಗೆ ಇನ್ನೂ ಇಪ್ಪತ್ತನಾಲ್ಕು ವರ್ಷ ತುಂಬಿರಲಿಲ್ಲ. ಎರಡು ವರ್ಷಗಳೊಳಗೆ ವಾರಕ್ಕೆ 26,000 ಪ್ರತಿಗಳು ಖರ್ಚಾಗುತ್ತಿದ್ದವು ಎಂದು ಅವರು ತಮ್ಮ ಆತ್ಮಕಥನದಲ್ಲಿ ಹೇಳಿದ್ದಾರೆ. ಉರ್ದು ಪತ್ರಿಕಾರಂಗಕ್ಕೆ ಅದು ಕೇಳರಿಯದ ಸಂಖ್ಯೆ.

ಲಾಹೋರಿನ ಬಾದಶಾಹಿ ಮಸೀದಿಯಲ್ಲಿ ಸೇರಿದ ಸಭೆಯಲ್ಲಿ ಅಲ್ಲಾಮಾ ಇಕ್ಬಾಲ್ ಟ್ರಿಪೋಲಿಯ ಹುತಾತ್ಮರ ಬಗ್ಗೆ ಕವಿತೆ ಓದಿದರು. ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ನೀರು ಕೊಡುತ್ತಾ ಮಡಿದ ಫಾತಿಮಾ ಬಿಂತ್ ಅಬ್ದುಲ್ಲಾ ಎಂಬ ಅರಬ್ ಬಾಲಕಿಯ ಹೆಸರಲ್ಲೇ ಅವರು ಇನ್ನೊಂದು ಕವಿತೆ ಬರೆದರು. ಲಿಬಿಯಾವನ್ನು ನಕ್ಷೆಯಲ್ಲಿ ತೋರಿಸಲಾರದ ಜನರಿಗೂ ಆ ಹುಡುಗಿಯ ಹೆಸರು ಗೊತ್ತಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಜನರಿಗೆ ತುರ್ಕಿಯ ಆಡಳಿತದ ಕುಂದುಕೊರತೆಗಳು ತಿಳಿದಿರಲಿಲ್ಲ. ಅರಬರಿಗೂ ತುರ್ಕರಿಗೂ ನಡುವೆ ಇದ್ದ ಮನಸ್ತಾಪವಾಗಲಿ, ಬಾಲ್ಕನ್ ಪ್ರಾಂತ್ಯಗಳ ಕ್ರೈಸ್ತ ಪ್ರಜೆಗಳ ದೂರುಗಳಾಗಲಿ ಅವರ ಕಿವಿಗೆ ಬಿದ್ದಿದ್ದು ಕಡಿಮೆ. ಅವರ ಕಣ್ಣಿಗೆ ಕಂಡದ್ದು ಇಷ್ಟೇ: ಒಂದು ದೇಶದ ಮೇಲೆ ಇನ್ನೊಂದು ದೇಶ ಕಾರಣವಿಲ್ಲದೆ ಏರಿ ಬಂದಿದೆ, ಮತ್ತು ಪವಿತ್ರ ಮಕ್ಕಾ-ಮದೀನಾಗಳ ಪಾಲಕನೆಂದು ತಾವು ನಂಬಿದ್ದ ಸುಲ್ತಾನನ ರಾಜ್ಯ ಕುಸಿಯುತ್ತಿದೆ.

ಒಂದೇ ಜೇಬು, ಎರಡು ಚಂದಾ

ಟ್ರಿಪೋಲಿಯ ಗಾಯ ಆರುವ ಮೊದಲೇ 1912ರ ಅಕ್ಟೋಬರ್‌ನಲ್ಲಿ ಮಾಂಟೆನೆಗ್ರೋ, ಸರ್ಬಿಯಾ, ಬಲ್ಗೇರಿಯಾ ಮತ್ತು ಗ್ರೀಸ್ ಒಟ್ಟಾಗಿ ತುರ್ಕಿಯ ಮೇಲೆ ಯುದ್ಧಕ್ಕಿಳಿದವು. ಒಂದು ತಿಂಗಳೊಳಗೆ ಬಲ್ಗೇರಿಯಾದ ಸೇನೆ ಇಸ್ತಾಂಬುಲ್‌ನ ಸಮೀಪದ ಚಟಾಲ್ಜಾ ರಕ್ಷಣಾ ಸಾಲಿನವರೆಗೆ ಬಂದು ನಿಂತಿತು. ಯೂರೋಪಿನ ಭಾಗದಲ್ಲಿ ಐದು ಶತಮಾನಗಳಿಂದ ಬಾಳಿದ್ದ ಮುಸ್ಲಿಂ ರೈತರು ಎತ್ತಿನ ಗಾಡಿಗಳಲ್ಲಿ ಹೆಂಡತಿ-ಮಕ್ಕಳನ್ನು ಕೂರಿಸಿಕೊಂಡು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ರಾಜಧಾನಿಯತ್ತ ಓಡಿ ಬಂದರು. ಮಸೀದಿಗಳೆಲ್ಲ ನಿರಾಶ್ರಿತರ ಶಿಬಿರಗಳಾದವು. ಕಾಲರಾ ಹಬ್ಬಿತು. ಜಗತ್ಪ್ರಸಿದ್ಧ ಆಯಾ ಸೋಫಿಯಾದ ನೆಲದ ಮೇಲೆ ಕಾಲರಾ ಪೀಡಿತ ಸೈನಿಕರನ್ನು ಮಲಗಿಸಬೇಕಾಯಿತು.

ಈ ಸುದ್ದಿ ಭಾರತ ತಲುಪಿದಾಗ ಚಂದಾ ಎತ್ತುವ ಕೆಲಸ ಊರೂರಿನಲ್ಲಿ ಶುರುವಾಯಿತು. ಜನರಿಗೆ ಇದು ಹೊಸ ಅಭ್ಯಾಸವೇನೂ ಆಗಿರಲಿಲ್ಲ. 1877-78ರಲ್ಲಿ ರಷ್ಯಾ ತುರ್ಕಿಯ ಮೇಲೆ ಯುದ್ಧ ಮಾಡಿದಾಗಲೂ, 1900ರಿಂದ 1908ರವರೆಗೆ ಡಮಾಸ್ಕಸ್‌ನಿಂದ ಮದೀನಾಕ್ಕೆ ಹಿಜಾಝ್ ರೈಲುಮಾರ್ಗ ಹಾಕುವಾಗಲೂ ಭಾರತದಿಂದ ಹಣ ಹೋಗಿತ್ತು. ಆದರೆ ಈ ಬಾರಿ ಕೊಟ್ಟವರಲ್ಲಿ ನವಾಬರು, ಸೇಠ್‌ಗಳು ಮಾತ್ರ ಇರಲಿಲ್ಲ. ಅಂದು ಒಂದು ರೂಪಾಯಿಗೆ ಹದಿನಾರು ಆಣೆ, ಒಂದು ಆಣೆಗೆ ಹನ್ನೆರಡು ಪೈ. ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಬಾಗಿಲಲ್ಲಿ ಹಾಸಿದ ಬಟ್ಟೆಯ ಮೇಲೆ ಬಿದ್ದದ್ದು ಇಂಥ ಆಣೆ-ಪೈಗಳೇ. ಹೆಂಗಸರು ಕಿವಿಯ, ಕೈಯ ಒಡವೆ ಬಿಚ್ಚಿ ಕೊಟ್ಟರು. ಪರದೆಯೊಳಗಿನ ಹೆಂಗಸರು ಒಂದು ಸಾರ್ವಜನಿಕ ಕೆಲಸದಲ್ಲಿ ಪಾಲುಗೊಳ್ಳಲು ಕಲಿತದ್ದು ಇಂಥ ಸಂದರ್ಭಗಳಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಮುಂದೆ ಅಲಿ ಸಹೋದರರ ತಾಯಿ ಬೀ ಅಮ್ಮಾ ಸಾವಿರಾರು ಜನರ ಸಭೆಯಲ್ಲಿ ಮಾತನಾಡಲು ನಿಂತಾಗ ಅದಕ್ಕೆ ಬೇಕಾದ ನೆಲ ಹದವಾಗಿತ್ತು.

ಅಲಿಗಢ ಕಾಲೇಜಿನ ಹಾಸ್ಟೆಲ್ ಹುಡುಗರು ಮಾಂಸದೂಟ ಬಿಟ್ಟು ಅದರಿಂದ ಉಳಿದ ಹಣವನ್ನು ತುರ್ಕಿ ಪರಿಹಾರ ನಿಧಿಗೆ ಕಳುಹಿಸಿದರು. ಹಾಸ್ಟೆಲ್‌ನಲ್ಲಿ ಇರುವ ನಮ್ಮ ವಿದ್ಯಾರ್ಥಿ ಓದುಗರಿಗೆ ಈ ತ್ಯಾಗದ ತೂಕ ಎಷ್ಟೆಂದು ನಾನು ವಿವರಿಸಬೇಕಾಗಿಲ್ಲ! 'ಕಾಮ್ರೇಡ್' ಪತ್ರಿಕೆ ಹಣ ಕೊಟ್ಟವರ ಪಟ್ಟಿಯನ್ನು ಅಚ್ಚು ಹಾಕುತ್ತಿತ್ತು. 'ಝಮೀಂದಾರ್' ಪತ್ರಿಕೆಯ ಝಫರ್ ಅಲಿ ಖಾನ್ ಅವರಂತೂ ಕೂಡಿದ ಹಣ ಹಿಡಿದುಕೊಂಡು ತಾವೇ ಇಸ್ತಾಂಬುಲ್‌ಗೆ ಹೋದರು.

ಈಗ ನಮ್ಮಂಥ ವಿದ್ಯಾಸಂಸ್ಥೆಯ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ವಿಷಯಕ್ಕೆ ಬರುತ್ತೇನೆ. ಇದೇ ಜನ, ಇದೇ ಕಾಲದಲ್ಲಿ, ಇನ್ನೊಂದು ಚಂದಾ ಕೂಡಿಸುತ್ತಿದ್ದರು. ಸರ್ ಸಯ್ಯದರು ಕಟ್ಟಿದ ಅಲಿಗಢದ ಎಂ.ಎ.ಓ. ಕಾಲೇಜನ್ನು ವಿಶ್ವವಿದ್ಯಾಲಯ ಮಾಡಬೇಕೆಂಬ ಕನಸು ಅದು. ಆಗಾ ಖಾನ್ ಮತ್ತು ಮೌಲಾನಾ ಶೌಕತ್ ಅಲಿ 1911ರಲ್ಲಿ ಊರೂರು ಸುತ್ತಿ ಹಣ ಸಂಗ್ರಹಿಸಿದ್ದರು. ಸರ್ಕಾರ 30 ಲಕ್ಷ ರೂಪಾಯಿಗಳ ಮೂಲಧನ ತೋರಿಸಿ ಎಂದು ಷರತ್ತು ಹಾಕಿತ್ತು. ಆಣೆ-ಆಣೆ ಕೂಡಿಸಿದ ಆ ಹಣ ಬ್ಯಾಂಕಿನಲ್ಲಿತ್ತು. ವಿಶ್ವವಿದ್ಯಾಲಯಕ್ಕೆ ಎಷ್ಟು ಸ್ವಾತಂತ್ರ್ಯ ಕೊಡಬೇಕೆಂಬ ವಿಷಯದಲ್ಲಿ ಸರ್ಕಾರದೊಂದಿಗೆ ಜಗ್ಗಾಟ ನಡೆಯುತ್ತಿತ್ತು. ಆಗಲೇ ಬಾಲ್ಕನ್ ಯುದ್ಧ ಬಂತು. ಕೆಲವರು ಮುಂದೆ ಬಂದು ಕೇಳಿದರು: ವಿಶ್ವವಿದ್ಯಾಲಯ ಹೇಗೂ ತಡವಾಗುತ್ತಿದೆ, ಈ ಹಣವನ್ನು ತುರ್ಕಿಗೆ ಸಾಲವಾಗಿ ಏಕೆ ಕೊಡಬಾರದು? ಮನೆ ಹೊತ್ತಿ ಉರಿಯುವಾಗ ಶಾಲೆಯ ಮಾತೇ?

ಓದುಗರೇ, ನೀವು ಆ ಸಭೆಯಲ್ಲಿ ಕುಳಿತಿದ್ದರೆ ಯಾವ ಕಡೆಗೆ ಕೈ ಎತ್ತುತ್ತಿದ್ದಿರಿ? ತಕ್ಷಣ ಉತ್ತರ ಕೊಡಬೇಡಿ. ಕೇಳಿದವರು ಕೆಟ್ಟವರಲ್ಲ, ಉತ್ಸಾಹಿ ತರುಣರು. ಬೇಡವೆಂದವರನ್ನು ಹೇಡಿಗಳು, ಸರ್ಕಾರದ ಹಿಂಬಾಲಕರು ಎಂದು ಜರೆಯಲಾಯಿತು. ಆದರೆ ಒಂದು ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಕೊಟ್ಟವರನ್ನು ಕೇಳದೆ ಇನ್ನೊಂದಕ್ಕೆ ತಿರುಗಿಸುವುದು ಅಮಾನತ್ತಿಗೆ ಸಲ್ಲದು ಎಂಬ ಮಾತಿಗೂ ಬಲವಿತ್ತು. ಕೊನೆಗೆ ವಿಶ್ವವಿದ್ಯಾಲಯದ ನಿಧಿ ಅದೇ ಉದ್ದೇಶಕ್ಕೆ ಉಳಿಯಿತು, 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಕಾನೂನುಬದ್ಧವಾಗಿ ಅಸ್ತಿತ್ವಕ್ಕೆ ಬಂತು. ತುರ್ಕಿಗೆ ಪ್ರತ್ಯೇಕವಾಗಿ ಹೊಸ ಹಣ ಕೂಡಿಸಲಾಯಿತು. ಆ ನಿಧಿ ಅಂದು ಸಾಲವಾಗಿ ಹೋಗಿದ್ದರೆ ಹಿಂದಿರುಗುತ್ತಿರಲಿಲ್ಲ, ಏಕೆಂದರೆ ಸಾಲ ತೆಗೆದುಕೊಳ್ಳುವ ಸಾಮ್ರಾಜ್ಯವೇ ಹತ್ತು ವರ್ಷದಲ್ಲಿ ಇಲ್ಲವಾಯಿತು. ಬೇಡವೆಂದವರ ಹೆಸರು ಇಂದು ಯಾರಿಗೂ ನೆನಪಿಲ್ಲ, ಆದರೆ ಅಲ್ಲಿ ಓದಿ ಬಂದ ಲಕ್ಷಾಂತರ ಮಂದಿಯ ಮೇಲೆ ಅವರ ಋಣ ಇದೆ ಎಂದೇ ನಾನು ಭಾವಿಸುತ್ತೇನೆ.

ಹಡಗು ಹತ್ತಿದ ಡಾಕ್ಟರರು

ಹಣಕ್ಕಿಂತ ಹೆಚ್ಚು ಬೆಲೆಬಾಳುವ ಒಂದು ವಸ್ತು ಕೂಡ ಭಾರತದಿಂದ ಹೋಯಿತು. ಅದು ಡಾಕ್ಟರ್ ಮುಖ್ತಾರ್ ಅಹ್ಮದ್ ಅನ್ಸಾರಿಯವರ ನೇತೃತ್ವದ ವೈದ್ಯಕೀಯ ತಂಡ.

ಅನ್ಸಾರಿ 1880ರಲ್ಲಿ ಈಗಿನ ಉತ್ತರ ಪ್ರದೇಶದ ಗಾಝೀಪುರ ಜಿಲ್ಲೆಯ ಯೂಸುಫ್‌ಪುರದಲ್ಲಿ ಹುಟ್ಟಿದವರು. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಓದಿ, ಬ್ರಿಟನ್ನಿಗೆ ಹೋಗಿ ಉನ್ನತ ಪದವಿ ಪಡೆದು, ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿ ದುಡಿದಿದ್ದರು. ಒಬ್ಬ ಭಾರತೀಯನಿಗೆ ಅಂದು ಅದು ಸಣ್ಣ ಸಾಧನೆಯಲ್ಲ. ದಿಲ್ಲಿಗೆ ಬಂದು ದವಾಖಾನೆ ತೆರೆದು ಒಳ್ಳೆಯ ಹೆಸರು, ಸಂಪಾದನೆ ಎರಡನ್ನೂ ಗಳಿಸುತ್ತಿದ್ದ ಸಮಯದಲ್ಲೇ ಅವರು ಅದನ್ನೆಲ್ಲ ಬಿಟ್ಟು ಹೊರಟರು. ಜನರಿಂದ ಕೂಡಿದ ಚಂದಾ ಹಣದಲ್ಲಿ ಔಷಧಿ, ಶಸ್ತ್ರಚಿಕಿತ್ಸೆಯ ಉಪಕರಣ, ಬಟ್ಟೆಬರೆಗಳನ್ನು ಸಿದ್ಧಮಾಡಿಕೊಂಡು ಸುಮಾರು ಎರಡು ಡಜನ್ ಜನರ ತಂಡ 1912ರ ಡಿಸೆಂಬರ್‌ನಲ್ಲಿ ಮುಂಬಯಿಯಿಂದ ಹಡಗು ಹತ್ತಿತು. ಎಲ್ಲರೂ ಡಾಕ್ಟರರಲ್ಲ. ಗಾಯ ತೊಳೆದು ಪಟ್ಟಿ ಕಟ್ಟುವವರು, ಉಗ್ರಾಣ ನೋಡಿಕೊಳ್ಳುವವರು, ಲೆಕ್ಕ ಬರೆಯುವವರು ಬೇಕಲ್ಲವೇ? ಆ ಕೆಲಸಗಳಿಗೆ ಅಲಿಗಢದ ತರುಣರು ಸೇರಿಕೊಂಡರು. ಚೌಧರಿ ಖಲೀಕುಝ್ಝಮಾನ್, ಶುಐಬ್ ಖುರೈಷಿ, ಅಬ್ದುರ್ರಹ್ಮಾನ್ ಸಿದ್ದೀಖಿ, ಪೇಶಾವರದ ಅಬ್ದುರ್ರಹ್ಮಾನ್ ಮುಂತಾದವರು ಅವರಲ್ಲಿದ್ದರು.

ತಂಡ ಹೊರಡುವ ಹೊತ್ತಿಗೆ ಕದನವಿರಾಮ ಘೋಷಣೆಯಾಗಿತ್ತು. ಯುದ್ಧವೀರರ ಶುಶ್ರೂಷೆಯ ಕನಸು ಕಂಡು ಹೊರಟ ಹುಡುಗರಿಗೆ ಅಲ್ಲಿ ಕಾದಿದ್ದುದು ಹಳೆಯ ಗಾಯಗಳ ಕೀವು, ನಿರಾಶ್ರಿತ ಶಿಬಿರಗಳ ಕೊಳಕು, ಟೈಫಾಯ್ಡ್, ಹಸಿವು. 1913ರ ಫೆಬ್ರವರಿಯಲ್ಲಿ ಮತ್ತೆ ಯುದ್ಧ ಶುರುವಾದಾಗ ಗಾಯಾಳುಗಳು ಸಾಲುಗಟ್ಟಿ ಬಂದರು. ಅನ್ಸಾರಿ ಅಲ್ಲಿಂದ ನಿಯಮಿತವಾಗಿ ಪತ್ರ ಬರೆಯುತ್ತಿದ್ದರು, 'ಕಾಮ್ರೇಡ್' ಅವುಗಳನ್ನು ಪ್ರಕಟಿಸುತ್ತಿತ್ತು. ಹೀಗೆ ಮಸೀದಿಯ ಬಾಗಿಲಲ್ಲಿ ಒಂದಾಣೆ ಹಾಕಿದವನಿಗೆ ತನ್ನ ಆಣೆ ಎಲ್ಲಿ ಹೋಯಿತು, ಯಾವ ಗಾಯಕ್ಕೆ ಪಟ್ಟಿಯಾಯಿತು ಎಂಬುದು ತಿಳಿಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ತಂಡದ ದೊಡ್ಡ ಗುಣ ಇದೇ. ಭಾವಾವೇಶದ ಭಾಷಣಗಳು ಅಂದು ಬಹಳ ನಡೆದವು. ಅವುಗಳಲ್ಲಿ ಹೆಚ್ಚಿನವು ಗಾಳಿಗೆ ಹೋದವು. ಚಾಕು ಹಿಡಿದು ಶಸ್ತ್ರಚಿಕಿತ್ಸೆ ಮಾಡಲು ಬಲ್ಲ ಒಬ್ಬ ಡಾಕ್ಟರ್ ಮತ್ತು ಲೆಕ್ಕ ಬರೆಯಬಲ್ಲ ಒಬ್ಬ ಹುಡುಗ ಅಲ್ಲಿ ನಿಜವಾಗಿ ಉಪಯೋಗಕ್ಕೆ ಬಂದರು.

ಯುದ್ಧದ ಫಲಿತಾಂಶವನ್ನು ಈ ತಂಡ ಬದಲಿಸಿತೇ? ಇಲ್ಲ. 1913ರ ಮಾರ್ಚ್ 26ರಂದು ಎಡಿರ್ನೆ ನಗರ ಬಲ್ಗೇರಿಯನ್ನರ ವಶವಾಯಿತು, ಮೇ ತಿಂಗಳ ಲಂಡನ್ ಒಪ್ಪಂದದಲ್ಲಿ ತುರ್ಕಿ ತನ್ನ ಯೂರೋಪಿನ ಪ್ರಾಂತ್ಯಗಳನ್ನು ಬಹುತೇಕ ಕಳೆದುಕೊಂಡಿತು. ಅನ್ಸಾರಿಯವರ ತಂಡ ಜುಲೈಯಲ್ಲಿ ಊರಿಗೆ ಮರಳಿತು. ಅದೇ ತಿಂಗಳು ಗೆದ್ದವರೇ ತಮ್ಮತಮ್ಮಲ್ಲಿ ಕಚ್ಚಾಡಿದ್ದರಿಂದ ಎಡಿರ್ನೆ ಮತ್ತೆ ತುರ್ಕರ ಕೈಗೆ ಬಂತು.

ಪೇಶಾವರದ ಅಬ್ದುರ್ರಹ್ಮಾನ್ ಮಾತ್ರ ಮರಳಲಿಲ್ಲ. ಅವರು ತುರ್ಕಿಯಲ್ಲೇ ಉಳಿದು, ಸೇನೆ ಸೇರಿ, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬದುಕಿದರು. 1920ರಲ್ಲಿ ಅನಾಟೋಲಿಯಾ ಸುದ್ದಿಸಂಸ್ಥೆ ಸ್ಥಾಪನೆಯಾದಾಗ ಅದರ ಮೊದಲ ವರದಿಗಾರರಲ್ಲಿ ಒಬ್ಬರಾದರು. ಅಂಕಾರಾ ಸರ್ಕಾರದ ಪ್ರತಿನಿಧಿಯಾಗಿ ಕಾಬೂಲಿಗೆ ಹೋದರು. 1925ರಲ್ಲಿ ಇಸ್ತಾಂಬುಲ್‌ನ ಬೀದಿಯಲ್ಲಿ ಯಾರೋ ಅವರಿಗೆ ಗುಂಡಿಕ್ಕಿದರು. ಮಾಜಿ ಪ್ರಧಾನಿ ರವೂಫ್ ಅವರೆಂದು ತಪ್ಪಾಗಿ ತಿಳಿದು ಗುಂಡು ಹಾರಿಸಲಾಯಿತು ಎಂದು ಹೇಳಲಾಗುತ್ತದೆ.

ಇದೇ ಬಾಲ್ಕನ್ ಯುದ್ಧದ ಸುದ್ದಿ ಓದಿ ಕಳವಳಗೊಂಡು 1913ರಲ್ಲಿ ತುರ್ಕಿಗೆ ಹೋದ ಒಬ್ಬ ಇಂಗ್ಲಿಷ್ ಕಾದಂಬರಿಕಾರ ಇದ್ದ. ಅವನ ಸ್ವಂತ ದೇಶದ ಪತ್ರಿಕೆಗಳು ಬಲ್ಗೇರಿಯಾದ ಜಯಕ್ಕೆ ಸಂಭ್ರಮಿಸುತ್ತಿದ್ದುದು ಅವನಿಗೆ ಸಹನೆಯಾಗಲಿಲ್ಲ. ಆತನೇ ಮಾರ್ಮಡ್ಯೂಕ್ ಪಿಕ್ಥಾಲ್. 1917ರಲ್ಲಿ ಇಸ್ಲಾಂ ಸ್ವೀಕರಿಸಿದ ಪಿಕ್ಥಾಲ್ 1920ರಲ್ಲಿ ಮುಂಬಯಿಗೆ ಬಂದು 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕರಾದರು, ಬಳಿಕ ಹೈದರಾಬಾದಿನಲ್ಲಿ ನೆಲೆಸಿ 1930ರಲ್ಲಿ ಕುರ್‌ಆನಿನ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ನಮ್ಮ ಗ್ರಂಥಾಲಯಗಳಲ್ಲಿ ಆ ಅನುವಾದ ನೋಡಿದವರಿಗೆ ಅದರ ಹಿಂದೆ ಒಂದು ಯುದ್ಧದ ಸುದ್ದಿ ಇದೆ ಎಂಬುದು ತಿಳಿದಿರಲಾರದು.

ಸರ್ಕಾರದ ಕಣ್ಣು

ವೈದ್ಯಕೀಯ ತಂಡವನ್ನು ಬ್ರಿಟಿಷ್ ಸರ್ಕಾರ ತಡೆಯಲಿಲ್ಲ. ಆದರೆ ಪತ್ರಿಕೆಗಳನ್ನು ಬಿಡಲಿಲ್ಲ. 1910ರ ಪ್ರೆಸ್ ಕಾಯ್ದೆಯ ಪ್ರಕಾರ ಪತ್ರಿಕೆಯಿಂದ ಠೇವಣಿ ಕೇಳಬಹುದಿತ್ತು, ಬರೆದದ್ದು ಹಿಡಿಸದಿದ್ದರೆ ಆ ಠೇವಣಿಯನ್ನು ಮುಟ್ಟುಗೋಲು ಹಾಕಬಹುದಿತ್ತು. 'ಅಲ್-ಹಿಲಾಲ್' ಮೊದಲು 2,000, ಬಳಿಕ 10,000 ರೂಪಾಯಿ ಠೇವಣಿ ಕಳೆದುಕೊಂಡು ಮುಚ್ಚಿಹೋಯಿತು. 1913ರಲ್ಲಿ ಬಾಲ್ಕನ್ ಮುಸ್ಲಿಮರ ಮೇಲಿನ ದೌರ್ಜನ್ಯಗಳನ್ನು ವಿವರಿಸುವ ಒಂದು ಕಿರುಹೊತ್ತಗೆ ತುರ್ಕಿಯಿಂದ ಬಂದಿತ್ತು. ಅದು ಇಂಗ್ಲೆಂಡಿನ ಜನತೆಯ ನೆರವು ಕೋರಿ ಬರೆದದ್ದು. ಅದನ್ನು ಮುಹಮ್ಮದ್ ಅಲಿ ಮರುಮುದ್ರಿಸಲು ಹೊರಟಾಗ ಸರ್ಕಾರ ಅದನ್ನೂ ಜಪ್ತಿ ಮಾಡಿತು. ಅವರು ಸುಮ್ಮನಿರದೆ ಕಲ್ಕತ್ತ ಹೈಕೋರ್ಟಿನ ಮೆಟ್ಟಿಲೇರಿದರು. ಅರ್ಜಿ ವಜಾ ಆಯಿತು. ಆದರೆ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್, ಈ ಕಾಯ್ದೆಯ ಬಲೆ ಎಷ್ಟು ಅಗಲವಾಗಿದೆ ಎಂದರೆ ಅದರಿಂದ ಯಾವ ಬರಹವೂ ತಪ್ಪಿಸಿಕೊಳ್ಳುವುದು ಕಷ್ಟ ಎಂಬ ಅರ್ಥದ ಮಾತುಗಳನ್ನು ತೀರ್ಪಿನಲ್ಲಿಯೇ ಬರೆದರು. ಕಾನೂನು ಓದುವ ನಮ್ಮ ವಿದ್ಯಾರ್ಥಿಗಳು ಈ ತೀರ್ಪನ್ನು ಹುಡುಕಿ ಓದಬೇಕು. ದೂರದೇಶದ ಗಾಯಾಳುಗಳ ಬಗ್ಗೆ ಮರುಗಿದ ಒಬ್ಬ ಪತ್ರಕರ್ತನಿಂದಾಗಿ ನಮ್ಮದೇ ದೇಶದ ಪತ್ರಿಕಾ ಸ್ವಾತಂತ್ರ್ಯದ ಪ್ರಶ್ನೆ ನ್ಯಾಯಾಲಯದ ಮುಂದೆ ಬಂತು.

ಹೈಫಾದಲ್ಲಿ ಮೈಸೂರು

ಚಂದಾ ಎತ್ತಿ ಎರಡು ವರ್ಷವಾಗಿಲ್ಲ, 1914ರಲ್ಲಿ ಮೊದಲ ಮಹಾಯುದ್ಧ ಬಂತು. ತುರ್ಕಿ ಜರ್ಮನಿಯ ಕಡೆ ಸೇರಿತು. ಈಗ ಭಾರತದ ಸಿಪಾಯಿಗಳು, ಅವರಲ್ಲಿ ಸಾವಿರಾರು ಮುಸ್ಲಿಮರು, ಇರಾಕ್‌ನಲ್ಲಿ, ಪ್ಯಾಲೆಸ್ತೀನ್‌ನಲ್ಲಿ ಅದೇ ತುರ್ಕರ ವಿರುದ್ಧ ಬಂದೂಕು ಹಿಡಿದು ನಿಲ್ಲಬೇಕಾಯಿತು. ಯಾವ ಸೈನಿಕನಿಗಾಗಿ ತಾಯಿ ಓಲೆ ಬಿಚ್ಚಿ ಕೊಟ್ಟಿದ್ದಳೋ ಅವನ ಎದುರಿಗೇ ಮಗ ನಿಂತ ಸಂದರ್ಭಗಳೂ ಇದ್ದಿರಬೇಕು.

ನಮ್ಮ ನಾಡಿಗೂ ಇದರಲ್ಲಿ ಪಾಲಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಗೆದ್ದದ್ದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ ಕುದುರೆ ಸವಾರರು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ತೋಪುಗಳನ್ನು ವಶಪಡಿಸಿಕೊಂಡರು. ದಿಲ್ಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಸೈನಿಕರ ನೆನಪಿಗೆ ನಿಂತವು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದನ್ನೂ ಸೇರಿಸಲಾಯಿತು. ಆ ಸವಾರರ ಧೈರ್ಯಕ್ಕೆ ನಾವು ತಲೆಬಾಗಬೇಕು. ಆದರೆ ಯಾರ ವಿರುದ್ಧ ಹೋರಾಡಬೇಕೆಂದು ನಿರ್ಧರಿಸುವ ಹಕ್ಕು ಅವರಿಗಿರಲಿಲ್ಲ, ಅದು ಲಂಡನ್ನಿನಲ್ಲಿ ನಿರ್ಧಾರವಾಗುತ್ತಿತ್ತು. ಗುಲಾಮ ದೇಶದವನಿಗೆ ದೂರದವರ ಬಗ್ಗೆ ಮರುಗುವ ಸ್ವಾತಂತ್ರ್ಯ ಇರುತ್ತದೆ, ಅವರ ಮೇಲೆ ಗುಂಡು ಹಾರಿಸುವುದಿಲ್ಲ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. 1919ರ ನಂತರ ಖಿಲಾಫತ್ ಮತ್ತು ಅಸಹಕಾರ ಒಂದೇ ಹೋರಾಟವಾಗಿ ಬೆಸೆದುಕೊಂಡದ್ದಕ್ಕೆ ಇದೂ ಒಂದು ಕಾರಣ. 1920ರ ಆಗಸ್ಟ್ 19ರಂದು ಮಹಾತ್ಮಾ ಗಾಂಧಿ ಮೊದಲ ಬಾರಿಗೆ ಮಂಗಳೂರಿಗೆ ಬಂದಾಗ ಅವರ ಜೊತೆಗಿದ್ದವರು ಶೌಕತ್ ಅಲಿ.

ಲೆಕ್ಕದ ಪ್ರಶ್ನೆ

ಇನ್ನು ಕಹಿಯಾದ ಒಂದು ವಿಷಯ. ಅದನ್ನು ಬಿಟ್ಟು ಮುಂದೆ ಹೋದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಖಿಲಾಫತ್ ಕಾಲದಲ್ಲಿ ಗ್ರೀಸ್ ಸೇನೆ ಅನಾಟೋಲಿಯಾದೊಳಗೆ ನುಗ್ಗಿದಾಗ ಮತ್ತೆ ಚಂದಾ ಎತ್ತಲಾಯಿತು, ಈ ಬಾರಿ ಅಂಕಾರಾದ ಮುಸ್ತಫಾ ಕೆಮಾಲ್ ಸರ್ಕಾರಕ್ಕಾಗಿ. 1912ರಲ್ಲಿ ಕೊಟ್ಟವರು, ಅವರ ಮಕ್ಕಳು ಮತ್ತೆ ಕೊಟ್ಟರು. ಆದರೆ ಕೇಂದ್ರ ಖಿಲಾಫತ್ ಸಮಿತಿಯ ಅಧ್ಯಕ್ಷರಾಗಿದ್ದ ಮುಂಬಯಿಯ ಮರದ ವ್ಯಾಪಾರಿ ಸೇಠ್ ಛೋಟಾನಿಯವರ ವ್ಯಾಪಾರದಲ್ಲಿ ನಿಧಿಯ ಸುಮಾರು 16 ಲಕ್ಷ ರೂಪಾಯಿ ಸಿಕ್ಕಿಹಾಕಿಕೊಂಡಿರುವುದು ಲೆಕ್ಕ ತಪಾಸಣೆಯಲ್ಲಿ ಬೆಳಕಿಗೆ ಬಂತು. ಬದಲಿಗೆ ಅವರು ತಮ್ಮ ಮರದ ಮಿಲ್ಲುಗಳನ್ನು ಬಿಟ್ಟುಕೊಟ್ಟರು. ಚಳವಳಿಗೆ ಬ್ರಿಟಿಷರ ಲಾಠಿಯಿಂದ ಆದ ನಷ್ಟಕ್ಕಿಂತ ಈ ಸುದ್ದಿಯಿಂದಾದ ನಷ್ಟವೇ ಹೆಚ್ಚೆಂದು ನನಗೆ ಅನ್ನಿಸುತ್ತದೆ. ಲಾಠಿ ತಿಂದವನು ಮರುದಿನ ಮತ್ತೆ ಸಭೆಗೆ ಬರುತ್ತಾನೆ. ತನ್ನ ಆಣೆ ಎಲ್ಲಿ ಹೋಯಿತೆಂದು ತಿಳಿಯದವನು ಬರುವುದಿಲ್ಲ.

ತಲುಪಿದ ಹಣದ ಕಥೆಯೂ ವಿಚಿತ್ರವೇ. ಭಾರತದಿಂದ ಬಂದಿದ್ದ ಹಣದಲ್ಲಿ ಖರ್ಚಾಗದೆ ಉಳಿದ ಭಾಗವನ್ನು ಮುಸ್ತಫಾ ಕೆಮಾಲ್ 1924ರ ಆಗಸ್ಟ್‌ನಲ್ಲಿ ಸ್ಥಾಪನೆಯಾದ 'ಇಶ್ ಬ್ಯಾಂಕ್' ಎಂಬ ತುರ್ಕಿಯ ರಾಷ್ಟ್ರೀಯ ಬ್ಯಾಂಕಿಗೆ ಮೂಲಧನವಾಗಿ ಹಾಕಿದರು. ಅದಕ್ಕೆ ಐದು ತಿಂಗಳ ಮುಂಚೆ, ಮಾರ್ಚ್ 3ರಂದು, ಅವರೇ ಖಿಲಾಫತ್ ಪದವಿಯನ್ನು ರದ್ದು ಮಾಡಿದ್ದರು! ಖಲೀಫರ ರಕ್ಷಣೆಗೆಂದು ಕೊಟ್ಟ ಹಣ ಖಲೀಫರಿಲ್ಲದ ಗಣರಾಜ್ಯದ ಬ್ಯಾಂಕಾಯಿತು. ಕೊಟ್ಟವರಲ್ಲಿ ಹಲವರಿಗೆ ಇದು ಮೋಸದಂತೆ ಕಂಡಿತು. ಇನ್ನೂ ಕೆಲವರು, ಒಂದು ಸ್ವತಂತ್ರ ದೇಶ ತನ್ನ ಕಾಲ ಮೇಲೆ ನಿಲ್ಲಲು ನಮ್ಮ ಹಣ ನೆರವಾಯಿತಲ್ಲ ಎಂದು ಸಮಾಧಾನಪಟ್ಟರು. ಎರಡೂ ಮಾತುಗಳಲ್ಲಿ ಸತ್ಯವಿದೆ. ದೂರದ ಜನರಿಗೆ ನೆರವು ಕೊಡುವವನು, ಆ ಜನ ಮುಂದೆ ತನ್ನ ಮನಸ್ಸಿನಂತೆಯೇ ನಡೆಯುತ್ತಾರೆ ಎಂದು ನಿರೀಕ್ಷಿಸುವಂತಿಲ್ಲ.

ಕೊಟ್ಟವರಿಗೆ ಸಿಕ್ಕಿದ್ದೇನು?

1912ರ ತಂಡದಿಂದ ತುರ್ಕಿಗೆ ಆದ ಲಾಭ ಕೆಲವು ನೂರು ಗಾಯಾಳುಗಳ ಆರೈಕೆ ಮಾತ್ರ ಇರಬಹುದು. ಆದರೆ ಕೊಟ್ಟವರು ಬದಲಾದರು. ಸರ್ಕಾರದ ಕೃಪೆಯ ನೆರಳಲ್ಲಿ ಓದಿ ನೌಕರಿ ಹಿಡಿಯುವುದೇ ಗುರಿಯಾಗಿದ್ದ ಅಲಿಗಢದ ಒಂದು ತಲೆಮಾರು ಸಾರ್ವಜನಿಕ ಜೀವನಕ್ಕೆ ಬಂತು. ಅನ್ಸಾರಿ 1927ರ ಮದರಾಸು ಅಧಿವೇಶನದಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. 1920ರಲ್ಲಿ ಅಲಿಗಢದಲ್ಲಿ ಆರಂಭವಾಗಿ 1925ರಲ್ಲಿ ದಿಲ್ಲಿಗೆ ಬಂದ ಜಾಮಿಯಾ ಮಿಲ್ಲಿಯಾದ ಸ್ಥಾಪಕರಲ್ಲಿ ಅವರೂ ಒಬ್ಬರು, 1936ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದೂ ಅಲ್ಲಿಯೇ. ಖಲೀಕುಝ್ಝಮಾನ್ ಬೇರೆ ದಾರಿ ಹಿಡಿದು ಮುಸ್ಲಿಂ ಲೀಗ್ ನಾಯಕರಾಗಿ ಪಾಕಿಸ್ತಾನಕ್ಕೆ ಹೋದರು. ಒಂದೇ ಡೇರೆಯಲ್ಲಿ ಮಲಗಿ ಒಂದೇ ಗಾಯಾಳುವಿಗೆ ಪಟ್ಟಿ ಕಟ್ಟಿದವರು ಮುಂದೆ ಎರಡು ದೇಶಗಳ ಇತಿಹಾಸಕ್ಕೆ ಸೇರಿಹೋದರು.

ಅನ್ಸಾರಿ ತೀರಿಕೊಂಡ ಮರುವರ್ಷ, 1937ರಲ್ಲಿ, ಜಪಾನ್ ಚೀನಾದ ಮೇಲೆ ದಂಡೆತ್ತಿ ಹೋಯಿತು. ಚೀನಾದ ಸೇನಾನಿ ಜೂ ದೇ ಅವರು ನೆರವು ಕೋರಿ ನೆಹರೂ ಅವರಿಗೆ ಪತ್ರ ಬರೆದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಜನರಲ್ಲಿ ಚಂದಾ ಕೇಳಿದರು. ಮತ್ತೆ ಆಣೆಗಳು ಕೂಡಿದವು. ಈ ಬಾರಿ ಕೊಟ್ಟವರಿಗೂ ಪಡೆಯುವವರಿಗೂ ಧರ್ಮದ, ಭಾಷೆಯ ಯಾವ ನಂಟೂ ಇರಲಿಲ್ಲ. 1938ರ ಸೆಪ್ಟೆಂಬರ್‌ನಲ್ಲಿ ಐವರು ಡಾಕ್ಟರರು ಅದೇ ಮುಂಬಯಿ ಬಂದರಿನಿಂದ ಹಡಗು ಹತ್ತಿದರು. ಅವರಲ್ಲೊಬ್ಬರು, ಬೀದಿಯಲ್ಲಿ ಮರಾಠಿಯ ಜೊತೆ ಕನ್ನಡವೂ ಕೇಳಿಸುವ ನಮ್ಮ ನೆರೆಯ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. ಉಳಿದ ನಾಲ್ವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಕೋಟ್ನಿಸ್ ಅಲ್ಲೇ ಉಳಿದು, ರಣರಂಗದ ಹಿಂದಿನ ಹಳ್ಳಿಗಳ ಆಸ್ಪತ್ರೆಯಲ್ಲಿ ದುಡಿದು, 1942ರ ಡಿಸೆಂಬರ್ 9ರಂದು ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.